ಬೆರೆಸಿದ ಮೂತ್ರ, ಒಂದು ಮೀಟರ್ ರೀಡಿಂಗ್: ಮಾರ್ಷಲ್ ದ್ವೀಪದವರ ವಿಕಿರಣ ಡೋಸ್ ಲೆಕ್ಕ

1954ರ ಮಾರ್ಚ್ ಮಧ್ಯಭಾಗ. ಪೆಸಿಫಿಕ್ ಸಾಗರದ ಕ್ವಾಜಲೀನ್ ನೌಕಾನೆಲೆಗೆ ಸ್ಥಳಾಂತರಿಸಿದ್ದ ರೊಂಗೆಲಾಪ್ ದ್ವೀಪದವರ ಮೂತ್ರವನ್ನು ಸಂಗ್ರಹಿಸಿ, ಹಲವರದ್ದನ್ನು ಒಟ್ಟಿಗೆ ಬೆರೆಸಿ, ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದವರು ಅದರಲ್ಲಿದ್ದ ಅಯೊಡಿನ್-131 ಎಂಬ ವಿಕಿರಣಶೀಲ ಅಯೊಡಿನ್ ಅಳೆದರು. ಅಷ್ಟು ಹೊತ್ತಿಗೆ ಆ ದ್ವೀಪದವರ ಮೇಲೆ ಅಮೆರಿಕದ ಅಣ್ವಸ್ತ್ರ ಪರೀಕ್ಷೆಯ ಬೂದಿ ಬಿದ್ದು ಎರಡು ವಾರ ದಾಟಿತ್ತು. ಯಾರು ಎಷ್ಟು ನುಂಗಿದ್ದರು ಎಂದು ಒಬ್ಬೊಬ್ಬರಾಗಿ ಹೇಳುವ ಅಳತೆ ಅದಲ್ಲ. ಆದರೂ ರೊಂಗೆಲಾಪ್‌ನವರ ಥೈರಾಯ್ಡ್ ಗ್ರಂಥಿಗೆ ಎಷ್ಟು ವಿಕಿರಣ ತಗುಲಿತು ಎಂಬ ಪ್ರಶ್ನೆಗೆ 1985ರಲ್ಲಿ ಕೊಟ್ಟ ಉತ್ತರಕ್ಕೂ, 2010ರಲ್ಲಿ ಕೊಟ್ಟ ಉತ್ತರಕ್ಕೂ ಮುಖ್ಯ ಆಧಾರ ಆಗಿನ ಆ ಮೂತ್ರದ ಅಳತೆಗಳೇ.

ಹಿಂದೆಂದೋ ತಗುಲಿದ ವಿಕಿರಣ ಎಷ್ಟೆಂದು ಆಮೇಲೆ ಲೆಕ್ಕಹಾಕುವ, ಡೋಸ್ ಪುನರ್‌ನಿರ್ಮಾಣ ಎಂಬ ಕೆಲಸದ ಸ್ವಭಾವವೇ ಇದು. ಭೌತಶಾಸ್ತ್ರದ ಭಾಗ ಬಹಳ ಗಟ್ಟಿ. ಯಾವ ಧಾತು ಎಷ್ಟು ಗಂಟೆಯಲ್ಲಿ ಅರ್ಧವಾಗುತ್ತದೆ ಎಂಬುದು ದಶಮಾಂಶದವರೆಗೆ ಗೊತ್ತು. ಗೊತ್ತಿಲ್ಲದ್ದು ಆ ದಿನ ಯಾರು ಎಲ್ಲಿದ್ದರು, ಏನು ತಿಂದರು, ಯಾವ ನೀರು ಕುಡಿದರು ಎಂಬುದು. ಲೆಕ್ಕ ಸೋಲುವುದು ಹೆಚ್ಚಾಗಿ ಅಲ್ಲಿಯೇ.

ಏನಾಯಿತು

1946ರಿಂದ 1958ರವರೆಗೆ ಅಮೆರಿಕ ಬಿಕಿನಿ ಮತ್ತು ಎನಿವೆಟಾಕ್ ಅಟಾಲ್‌ಗಳಲ್ಲಿ ಹಾಗೂ ಅವುಗಳ ಆಸುಪಾಸಿನಲ್ಲಿ 66 ಅಣ್ವಸ್ತ್ರ ಪರೀಕ್ಷೆ ನಡೆಸಿತು. (ಅಟಾಲ್ ಎಂದರೆ ನಡುವೆ ಲಗೂನು, ಸುತ್ತ ಹವಳದ ದಿಬ್ಬಗಳ ಉಂಗುರ. ಒಂದೊಂದು ಅಟಾಲ್‌ನಲ್ಲೂ ಹತ್ತಾರು ಪುಟ್ಟ ದ್ವೀಪಗಳಿರುತ್ತವೆ.) ಇವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು 1954ರ ಮಾರ್ಚ್ 1ರ ಬೆಳಿಗ್ಗೆ 6:45ಕ್ಕೆ ಬಿಕಿನಿಯಲ್ಲಿ ಸಿಡಿಸಿದ ‘ಕ್ಯಾಸಲ್ ಬ್ರಾವೊ’. 6 ಮೆಗಾಟನ್ ಎಂದು ಅಂದಾಜಿಸಿದ್ದ ಬಾಂಬು 15 ಮೆಗಾಟನ್ ಶಕ್ತಿ ಹೊಮ್ಮಿಸಿತು. ಇಂಧನದಲ್ಲಿದ್ದ ಲಿಥಿಯಂ-7 ಸುಮ್ಮನಿರುತ್ತದೆ ಎಂದುಕೊಂಡಿದ್ದರು, ಅದು ಸುಮ್ಮನಿರಲಿಲ್ಲ.

ಸ್ಫೋಟ ನೆಲಮಟ್ಟದಲ್ಲಿ ನಡೆದದ್ದರಿಂದ ಹವಳದ ದಿಬ್ಬವೇ ಪುಡಿಯಾಗಿ ಮೇಲೆದ್ದಿತು. ಸುಟ್ಟ ಹವಳವೆಂದರೆ ಸುಣ್ಣ. ವಿದಳನದ ಉತ್ಪನ್ನಗಳು, ಅಂದರೆ ಪರಮಾಣು ಒಡೆದು ಹುಟ್ಟಿದ ವಿಕಿರಣಶೀಲ ತುಣುಕುಗಳು, ಈ ಸುಣ್ಣದ ಕಣಗಳಿಗೆ ಅಂಟಿಕೊಂಡು ಗಾಳಿಯೊಡನೆ ಪೂರ್ವಕ್ಕೆ ಹೋದವು. ರೊಂಗೆಲಾಪ್‌ನಲ್ಲಿ 64 ಜನ, ಪಕ್ಕದ ಐಲಿಂಗಿನೇಯಲ್ಲಿ 18 ಜನ, ರೊಂಗೆರಿಕ್‌ನಲ್ಲಿ 28 ಅಮೆರಿಕನ್ ಸೈನಿಕರು, ಇನ್ನೂ ದೂರದ ಉಟ್ರಿಕ್‌ನಲ್ಲಿ 157 ಜನ ಇದ್ದರು. ರೊಂಗೆಲಾಪ್‌ಗೆ ಬೂದಿ ತಲುಪಿದ್ದು 4ರಿಂದ 6 ಗಂಟೆಯ ನಂತರ, ಉಟ್ರಿಕ್‌ಗೆ ಸುಮಾರು 22 ಗಂಟೆಯ ನಂತರ. ರೊಂಗೆಲಾಪ್‌ನವರನ್ನು ಕರೆದೊಯ್ದದ್ದು 50-51ನೇ ಗಂಟೆಯಲ್ಲಿ, ಉಟ್ರಿಕ್‌ನವರನ್ನು 55ರಿಂದ 78ನೇ ಗಂಟೆಯ ನಡುವೆ. ಸಮುದ್ರದಲ್ಲಿದ್ದ ಜಪಾನಿನ ಮೀನುಗಾರಿಕೆ ದೋಣಿ ಡೈಗೊ ಫುಕುರ್ಯು ಮಾರುವಿನ 23 ಮಂದಿಯ ಮೇಲೂ ಇದೇ ಬಿಳಿ ಪುಡಿ ಬಿತ್ತು.

ಈ ಗಂಟೆಗಳ ಲೆಕ್ಕವನ್ನು ನೆನಪಿಟ್ಟುಕೊಳ್ಳಿ. ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಹೊರಗಿನಿಂದ ಬಂದ ಡೋಸ್

ಡೋಸ್ ಎಂದರೆ ಒಂದು ಕಿಲೋ ಅಂಗಾಂಶ ಹೀರಿಕೊಂಡ ವಿಕಿರಣ ಶಕ್ತಿ. ಇದರ ಏಕಮಾನ ಗ್ರೇ, ಅದರ ಸಾವಿರದಲ್ಲಿ ಒಂದು ಭಾಗ ಮಿಲಿಗ್ರೇ. 1954ರ ಮೀಟರ್‌ಗಳು ತೋರಿಸುತ್ತಿದ್ದುದು ರಾಂಟ್‌ಜೆನ್, ಅಂದರೆ ಗಾಳಿಯಲ್ಲಿ ಗಾಮಾ ಕಿರಣ ಉಂಟುಮಾಡಿದ ಅಯಾನುಗಳ ಅಳತೆ. ಒಂದು ರಾಂಟ್‌ಜೆನ್ ಅಂದರೆ ಗಾಳಿಗೆ ಸುಮಾರು 8.8 ಮಿಲಿಗ್ರೇ. ನೆಲದ ತುಂಬ ಹರಡಿದ ಬೂದಿಯಿಂದ ಬರುವ ಕಿರಣ ದೇಹದೊಳಗಿನ ಅಂಗಕ್ಕೆ ತಲುಪುವಷ್ಟರಲ್ಲಿ ಹೊರಗಿನ ಮಾಂಸ ಕೊಂಚ ತಡೆಯುತ್ತದೆ. ಹಾಗಾಗಿ ವಯಸ್ಕರ ಅಸ್ಥಿಮಜ್ಜೆಗೆ ಸಿಗುವುದು ಅದರ ಮುಕ್ಕಾಲು ಪಾಲಿನ ಆಸುಪಾಸು. ಮಕ್ಕಳ ಮೈ ಚಿಕ್ಕದು, ತಡೆಯೂ ಕಡಿಮೆ, ಆದ್ದರಿಂದ ಅವರಿಗೆ ತಗುಲುವುದು ಹೆಚ್ಚು.

ರೊಂಗೆಲಾಪ್‌ನಲ್ಲಿ ಬೂದಿ ಬೀಳುವಾಗ ಅಲ್ಲಿ ಯಾವ ಮೀಟರೂ ಇರಲಿಲ್ಲ. ವೈದ್ಯಕೀಯ ತಂಡ ಲೆಕ್ಕಕ್ಕೆ ಬಳಸಿದ್ದು ಏಳನೇ ದಿನದ ಒಂದು ರೀಡಿಂಗ್: ಗಂಟೆಗೆ 375 ಮಿಲಿರಾಂಟ್‌ಜೆನ್. ಜನ ಅಲ್ಲಿದ್ದದ್ದು ಮೊದಲ ಎರಡು ದಿನ. ಹಾಗಾಗಿ ಗಡಿಯಾರವನ್ನು ಹಿಂದಕ್ಕೆ ತಿರುಗಿಸಬೇಕು.

ಇದಕ್ಕೊಂದು ಸರಳ ಸೂತ್ರವಿದೆ. ಬೂದಿಯಲ್ಲಿ ನೂರಾರು ಬಗೆಯ ವಿಕಿರಣಶೀಲ ಪರಮಾಣುಗಳಿರುತ್ತವೆ. ಒಂದೊಂದರ ಅರ್ಧಾಯುಷ್ಯ (ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ) ಬೇರೆ ಬೇರೆಯಾದರೂ ಒಟ್ಟು ಮಿಶ್ರಣದ ತೀವ್ರತೆ ಸ್ಫೋಟದಿಂದ ಕಳೆದ ಸಮಯದ 1.2ನೇ ಘಾತಕ್ಕೆ ವಿಲೋಮವಾಗಿ ಇಳಿಯುತ್ತದೆ. ಬಾಯಿಲೆಕ್ಕಕ್ಕೆ ಹೇಳುವುದಾದರೆ, ಸಮಯ ಏಳು ಪಟ್ಟಾದಾಗ ತೀವ್ರತೆ ಹತ್ತನೇ ಒಂದಕ್ಕೆ ಬರುತ್ತದೆ. ಏಳನೇ ದಿನವೆಂದರೆ 168ನೇ ಗಂಟೆ. ಅದರ ಏಳನೇ ಒಂದು 24ನೇ ಗಂಟೆ. ಅಂದರೆ ಒಂದು ದಿನ ಕಳೆದಾಗ ರೀಡಿಂಗ್ ಗಂಟೆಗೆ ಸುಮಾರು 3.9 ರಾಂಟ್‌ಜೆನ್ ಇದ್ದಿರಬೇಕು. ಹೊರಡುವಾಗ, 51ನೇ ಗಂಟೆಯಲ್ಲಿ, ಸುಮಾರು 1.6. ಬೂದಿ ಪೂರ್ತಿ ಬಿದ್ದಾಗಿತ್ತು ಎಂದುಕೊಂಡರೆ 5ನೇ ಗಂಟೆಯಲ್ಲಿ 25.

5ರಿಂದ 51ನೇ ಗಂಟೆಯವರೆಗೆ ಕೂಡಿಸಿದರೆ ಬರುವುದು 236 ರಾಂಟ್‌ಜೆನ್. ಆದರೆ ಬೂದಿ ಒಮ್ಮೆಲೇ ಸುರಿದು ಮುಗಿಯಲಿಲ್ಲ, ಗಂಟೆಗಟ್ಟಲೆ ಉದುರುತ್ತಿತ್ತು. ಅದನ್ನು ಸರಿದೂಗಿಸಲು ‘ಎಲ್ಲವೂ 10ನೇ ಗಂಟೆಗೆ ಬಿತ್ತು’ ಎಂದುಕೊಂಡರೆ ಮೊತ್ತ 154ಕ್ಕೆ ಇಳಿಯುತ್ತದೆ. ಮೀಟರ್ ಅದೇ, ಸೂತ್ರ ಅದೇ. ಬೂದಿ ಯಾವಾಗ ಬಿತ್ತು ಎಂಬ ಒಂದೇ ಊಹೆಯಿಂದ ಉತ್ತರ ಮೂರನೇ ಒಂದು ಭಾಗದಷ್ಟು ಬದಲಾಯಿತು. 1950ರ ದಶಕದ ವೈದ್ಯಕೀಯ ವರದಿ ಕೊಟ್ಟ ಅಂಕಿ 175, ಈ ಎರಡರ ನಡುವಿನದು.

ಉಟ್ರಿಕ್‌ನದ್ದನ್ನೂ ಇದೇ ರೀತಿ ಪರೀಕ್ಷಿಸಬಹುದು. ಎಂಟನೇ ದಿನದ ರೀಡಿಂಗ್ ಗಂಟೆಗೆ 40 ಮಿಲಿರಾಂಟ್‌ಜೆನ್. 22ರಿಂದ 78ನೇ ಗಂಟೆಯವರೆಗೆ ಕೂಡಿಸಿದರೆ 13. ವರದಿಯ ಅಂಕಿ 14. ತಡವಾಗಿ ಬಂದ ಬೂದಿಯ ಲೆಕ್ಕ ಅಷ್ಟೇನೂ ಅಲುಗಾಡುವುದಿಲ್ಲ, ಏಕೆಂದರೆ 22ನೇ ಗಂಟೆಯ ಹೊತ್ತಿಗೆ ಇಳಿಕೆಯ ವೇಗ ತಗ್ಗಿರುತ್ತದೆ. ಹತ್ತಿರದ ದ್ವೀಪದಲ್ಲಿ ಮಾತ್ರ ಒಂದೊಂದು ಗಂಟೆಯ ತಪ್ಪಿಗೂ ಬೆಲೆ ತೆರಬೇಕು.

ಇದೇ ಲೆಕ್ಕವನ್ನು ಮುಂದಕ್ಕೆ ಓಡಿಸಿದರೆ ಇನ್ನೊಂದು ಸಂಗತಿ ಕಾಣುತ್ತದೆ. ರೊಂಗೆಲಾಪ್‌ನವರು 51ನೇ ಗಂಟೆಯ ಬದಲು ಏಳನೇ ದಿನ ಹೊರಟಿದ್ದರೆ ಇನ್ನೂ ಸುಮಾರು 85 ರಾಂಟ್‌ಜೆನ್ ಸೇರುತ್ತಿತ್ತು. ಮೊದಲ ದಿನದ ಕೊನೆಗೆ, 24ನೇ ಗಂಟೆಯಲ್ಲೇ ಹೊರಟಿದ್ದರೆ, ಅದೇ 236ರ ಲೆಕ್ಕದಲ್ಲಿ, ಕಾಲು ಪಾಲಿಗಿಂತ ಕೊಂಚ ಹೆಚ್ಚು ತಪ್ಪುತ್ತಿತ್ತು.

ಈ ಸೂತ್ರ ಎಲ್ಲಿ ಕೈಕೊಡುತ್ತದೆ? ಬ್ರಾವೊದಂಥ ಬಾಂಬಿನ ಹೊರಕವಚ ಯುರೇನಿಯಂನದು. ಅದು ನ್ಯೂಟ್ರಾನ್ ಹೀರಿ ನೆಪ್ಚೂನಿಯಂ-239 (ಅರ್ಧಾಯುಷ್ಯ 2.4 ದಿನ) ಮತ್ತು ಯುರೇನಿಯಂ-237 (6.75 ದಿನ) ಹುಟ್ಟಿಸುತ್ತದೆ. ಇವು ವಿದಳನದ ತುಣುಕುಗಳಲ್ಲ, ಇವಕ್ಕೆ 1.2ರ ನಿಯಮದ ಹಂಗಿಲ್ಲ. ಇವುಗಳಿಂದಾಗಿ ಎರಡನೇ ದಿನದಿಂದ ಎರಡನೇ ವಾರದವರೆಗೆ ಇಳಿಕೆಯ ರೇಖೆ ಉಬ್ಬಿಕೊಳ್ಳುತ್ತದೆ. ಏಳನೇ ದಿನದ ರೀಡಿಂಗ್ ಬಿದ್ದಿರುವುದು ಸರಿಯಾಗಿ ಆ ಉಬ್ಬಿನೊಳಗೆ. ಆದ್ದರಿಂದ ಈಗಿನ ಲೆಕ್ಕಗಳು ಒಂದೇ ಘಾತವನ್ನು ನೆಚ್ಚದೆ, ಪ್ರತಿ ಪರಮಾಣುವನ್ನೂ ಬೇರೆಯಾಗಿ ಎಣಿಸಿ ಕೂಡಿಸುತ್ತವೆ.

ಮಳೆ ಇನ್ನೊಂದು ತೊಡಕು. ಹವಳದ ಮಣ್ಣು ಜರಡಿಯಂತೆ. ಜೋರು ಮಳೆ ಬಂದರೆ ಬೂದಿ ಕೆಳಗಿಳಿದು ಮೇಲಿನ ತೀವ್ರತೆ ಇಳಿಯುತ್ತದೆ, ಆದರೆ ಅದು ವಿಕಿರಣಕ್ಷಯವಲ್ಲ. ಮೀಟರ್‌ಗೆ ಎರಡರ ವ್ಯತ್ಯಾಸ ತಿಳಿಯದು. ಸ್ಥಳದ ತಾರತಮ್ಯವಂತೂ ವಿಪರೀತ. ಅದೇ ರೊಂಗೆಲಾಪ್ ಅಟಾಲ್‌ನ ಉತ್ತರದ ತುದಿಯಲ್ಲಿ ಮೊದಲ ನಾಲ್ಕು ದಿನದಲ್ಲಿ ಶೇಖರವಾಗುತ್ತಿದ್ದ ಡೋಸ್, ದಕ್ಷಿಣದ ಹಳ್ಳಿಯದ್ದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು. ನಡುವಿನ ಅಂತರ 50 ಕಿಲೋಮೀಟರ್ ಕೂಡ ಇಲ್ಲ. ಆ ದಿನ ಜನ ಉತ್ತರದ ದ್ವೀಪಗಳಿಗೆ ಕೊಬ್ಬರಿ ಮಾಡಲು ಹೋಗಿದ್ದರೆ ಬದುಕುಳಿಯುತ್ತಿರಲಿಲ್ಲ. ಮನೆಗಳ ವಿಷಯವೂ ಹೀಗೇ. ತಾಳೆಜಾತಿಯ ಎಲೆ ಹೊದಿಸಿದ ಗುಡಿಸಲು ಗಾಮಾ ಕಿರಣಕ್ಕೆ ಇದ್ದೂ ಇಲ್ಲದಂತೆ. ಕಾಂಕ್ರೀಟ್ ಮನೆಗಳ ನಗರಕ್ಕೆಂದು ರೂಪಿಸಿದ ‘ಒಳಗಿದ್ದರೆ ಇಷ್ಟು ಕಡಿತ’ ಎಂಬ ಗುಣಕವನ್ನು ಇಲ್ಲಿಗೆ ತಂದರೆ ಡೋಸ್ ಸುಳ್ಳುಸುಳ್ಳೇ ತಗ್ಗುತ್ತದೆ.

ಮೀಟರೇ ಇಲ್ಲದ ದ್ವೀಪಗಳು

ಬ್ರಾವೊದ ದಾರಿಯಲ್ಲಿದ್ದ ನಾಲ್ಕು ಅಟಾಲ್‌ಗಳಿಗಾದರೂ ರೀಡಿಂಗ್ ಇದೆ. ಉಳಿದ ಅಟಾಲ್‌ಗಳಿಗೆ, ಉಳಿದ ಪರೀಕ್ಷೆಗಳಿಗೆ? ಇಲ್ಲಿ ಮೂರು ಬಗೆಯ ಸಾಕ್ಷ್ಯವನ್ನು ಹೆಣೆಯಬೇಕಾಗುತ್ತದೆ. ಒಂದು, ಪರೀಕ್ಷೆಯ ನಂತರ ವಿಮಾನದಿಂದ ಮಾಡಿದ ಸಮೀಕ್ಷೆ. ಎರಡು, ಅಂಟುಹಾಳೆ: ನ್ಯೂಯಾರ್ಕಿನ ಆರೋಗ್ಯ ಮತ್ತು ಸುರಕ್ಷತಾ ಪ್ರಯೋಗಾಲಯ ಅಂಟು ಬಳಿದ ಹಾಳೆಗಳನ್ನು ಬಯಲಲ್ಲಿ ಇಡಿಸಿ, ಅವಕ್ಕೆ ಹತ್ತಿದ ಧೂಳನ್ನು ಸುಟ್ಟು ಬೀಟಾ ಎಣಿಕೆ ಮಾಡುತ್ತಿತ್ತು. ಕ್ವಾಜಲೀನ್, ಮಜುರೊದಂಥ ಕಡೆ ಇವು ಇದ್ದವು. ಜೋರು ಮಳೆ ಅಂಟಿದ ಧೂಳನ್ನು ತೊಳೆದುಬಿಡುವುದರಿಂದ ಹಾಳೆ ಹಿಡಿದದ್ದು ಬಿದ್ದದ್ದರ ಒಂದು ಪಾಲು ಮಾತ್ರ; ಆ ಪಾಲು ಎಷ್ಟು ಎಂಬುದೇ ವಾದದ ವಿಷಯ.

ಮೂರನೆಯದು ಮಣ್ಣು. ಸೀಸಿಯಂ-137ರ ಅರ್ಧಾಯುಷ್ಯ 30 ವರ್ಷ, ಆದ್ದರಿಂದ ದಶಕಗಳ ನಂತರವೂ ಅದು ಸಿಗುತ್ತದೆ. 1990ರ ದಶಕದ ಆರಂಭದಲ್ಲಿ ಮಾರ್ಷಲ್ ದ್ವೀಪಗಳ ಸರ್ಕಾರವೇ ದೇಶದ ಉದ್ದಗಲಕ್ಕೂ ಇಂಥ ಸಮೀಕ್ಷೆ ಮಾಡಿಸಿತು. ಮಣ್ಣಿನ ಸೀಸಿಯಂನಿಂದ 1954ರ ಡೋಸ್‌ಗೆ ಹೋಗಲು ಮೂರು ತಿದ್ದುಪಡಿ ಬೇಕು.

ಮೊದಲನೆಯದು ಸೋರಿಕೆ. ಲೆಕ್ಕಕ್ಕೆ 30 ವರ್ಷ ಸಿಗುವುದಿಲ್ಲ. ಮಳೆನೀರು ಸೀಸಿಯಂ ಅನ್ನು ಕೆಳಗಿನ ಅಂತರ್ಜಲಕ್ಕೆ, ಅಲ್ಲಿಂದ ಸಮುದ್ರಕ್ಕೆ ಒಯ್ಯುತ್ತದೆ. ಹವಳದ್ವೀಪದಲ್ಲಿ ಅದು ಅರ್ಧಕ್ಕೆ ಇಳಿಯಲು ಸುಮಾರು ಎಂಟೂವರೆ ವರ್ಷ ಸಾಕೆಂದು ಲಾರೆನ್ಸ್ ಲಿವರ್ಮೋರ್ ಪ್ರಯೋಗಾಲಯದ ದೀರ್ಘಕಾಲದ ಅಳತೆಗಳು ತೋರಿಸಿವೆ. ಇದನ್ನು ಬಿಟ್ಟು ಲೆಕ್ಕ ಹಾಕಿದರೆ ಮೂಲದಲ್ಲಿ ಬಿದ್ದ ಬೂದಿ ಇದ್ದದ್ದಕ್ಕಿಂತ ಎಷ್ಟೋ ಪಟ್ಟು ಕಡಿಮೆಯಾಗಿ ಕಾಣುತ್ತದೆ.

ಎರಡನೆಯದು ಜಾಗತಿಕ ಬೂದಿ. ಸೋವಿಯತ್ ಒಕ್ಕೂಟದ್ದೂ ಸೇರಿ ಎಲ್ಲ ದೇಶಗಳ ಪರೀಕ್ಷೆಗಳ ಧೂಳು ವಾಯುಮಂಡಲದ ಮೇಲಿನ ಪದರದಿಂದ ವರ್ಷಗಟ್ಟಲೆ ಮಳೆಯಾಗಿ ಎಲ್ಲೆಡೆ ಇಳಿಯಿತು. ಮಾರ್ಷಲ್‌ನ ದಕ್ಷಿಣದಲ್ಲಿ ಮಳೆ ಜಾಸ್ತಿ, ಸ್ಥಳೀಯ ಬೂದಿ ಕಡಿಮೆ. ಅಲ್ಲಿ ಈ ಪಾಲನ್ನು ಕಳೆಯದಿದ್ದರೆ ಸುತ್ತಿನ ಎಲ್ಲ ದೇಶಗಳ ಪಾಪವೂ ಬಿಕಿನಿಯ ಖಾತೆಗೆ ಬೀಳುತ್ತದೆ.

ಮೂರನೆಯದೇ ಸೂಕ್ಷ್ಮ. ಬೆಂಕಿಯುಂಡೆ ತಣಿಯುವಾಗ ಜಿರ್ಕೋನಿಯಂ, ಸೀರಿಯಂ, ಪ್ಲುಟೋನಿಯಂನಂಥವು ಬೇಗ ಗಟ್ಟಿಯಾಗಿ ದಪ್ಪ ಕಣಗಳ ಒಳಗೇ ಸೇರಿಬಿಡುತ್ತವೆ. ಸೀಸಿಯಂ-137 ಹಾಗಲ್ಲ. ಅದರ ತಾಯಿ ಜೆನಾನ್-137 ಒಂದು ಅನಿಲ, ಅರ್ಧಾಯುಷ್ಯ 3.8 ನಿಮಿಷ. ಆ ಅನಿಲ ಸೀಸಿಯಂ ಆಗುವಷ್ಟರಲ್ಲಿ ದಪ್ಪ ಕಣಗಳು ಗಟ್ಟಿಯಾಗಿಯೋ ಕೆಳಗಿಳಿಯುತ್ತಲೋ ಇರುತ್ತವೆ. ಸೀಸಿಯಂ ಕೂರುವುದು ಸಣ್ಣ ಕಣಗಳ ಮೈಮೇಲೆ. ಹೀಗಾಗಿ ಹತ್ತಿರದ ದ್ವೀಪದ ಬೂದಿಯಲ್ಲಿ ಸೀಸಿಯಂ ಕಡಿಮೆ, ದೂರದ ದ್ವೀಪದ ಬೂದಿಯಲ್ಲಿ ಹೆಚ್ಚು. ‘ಇಷ್ಟು ಸೀಸಿಯಂ ಇದ್ದರೆ ಇಷ್ಟು ಡೋಸ್’ ಎಂಬ ಒಂದೇ ಗುಣಕವನ್ನು ಎಲ್ಲ ಅಟಾಲ್‌ಗಳಿಗೂ ಹಾಕಿದರೆ ಹತ್ತಿರದವರಿಗೆ ಅನ್ಯಾಯವಾಗುತ್ತದೆ. ಬೂದಿ ಎಷ್ಟು ಹೊತ್ತಿಗೆ ತಲುಪಿತು ಎಂಬುದನ್ನು ನೋಡಿ ಗುಣಕ ಬದಲಿಸಬೇಕು, ಆ ಹೊತ್ತನ್ನು ಅಂದಿನ ಗಾಳಿಯ ದಾಖಲೆಗಳಿಂದ ಗಣಕದಲ್ಲಿ ಮರಳಿ ಕಟ್ಟಬೇಕು.

ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಸ್ಟೀವನ್ ಸೈಮನ್, ಆಂಡ್ರೆ ಬೂವಿಲ್, ಹೆರಾಲ್ಡ್ ಬೆಕ್ ಮೊದಲಾದವರ ತಂಡ 2010ರಲ್ಲಿ ಪ್ರಕಟಿಸಿದ ಲೆಕ್ಕ ಈ ಎಲ್ಲವನ್ನೂ ಒಟ್ಟು ಮಾಡಿತು. 66 ಪರೀಕ್ಷೆಗಳಲ್ಲಿ 20 ಮಾತ್ರ ಜನವಸತಿಯ ಅಟಾಲ್‌ಗಳಲ್ಲಿ ಅಳೆಯಬಹುದಾದಷ್ಟು ಬೂದಿ ಬೀಳಿಸಿದ್ದವು. ಆ ಪ್ರತಿಯೊಂದಕ್ಕೂ, 32 ಅಟಾಲ್ ಮತ್ತು ಒಂಟಿ ದ್ವೀಪಗಳಿಗೂ, 63 ಬಗೆಯ ವಿಕಿರಣಶೀಲ ಪರಮಾಣುಗಳು ಎಷ್ಟೆಷ್ಟು ಬಿದ್ದವು ಎಂದು ಅಂದಾಜಿಸಿದರು.

ನುಂಗಿದ ಡೋಸ್: ಅಯೊಡಿನ್

ಈಗ ಆ ಮೂತ್ರಕ್ಕೆ ಮರಳೋಣ.

ನುಂಗಿದ ಅಯೊಡಿನ್‌ನ ಒಂದು ಪಾಲು, ಕಾಲರಿಂದ ಮೂರನೇ ಒಂದರಷ್ಟು, ಥೈರಾಯ್ಡ್‌ಗೆ ಹೋಗುತ್ತದೆ. ಮಿಕ್ಕದ್ದು ಮೊದಲ ಎರಡು ಮೂರು ದಿನದಲ್ಲೇ ಮೂತ್ರದಲ್ಲಿ ಹೊರಹೋಗುತ್ತದೆ. ಅಂದರೆ ಎರಡು ವಾರ ದಾಟಿ ತೆಗೆದ ಮೂತ್ರದಲ್ಲಿ ಇರುವುದು ಮೂಲದ ಹರಿವಲ್ಲ, ಥೈರಾಯ್ಡ್ ನಿಧಾನವಾಗಿ ಬಿಡುತ್ತಿರುವ ಹಾರ್ಮೋನಿನ ಅಯೊಡಿನ್, ದಿನಕ್ಕೆ ಗ್ರಂಥಿಯಲ್ಲಿರುವುದರ ಶೇಕಡಾ ಒಂದಕ್ಕೂ ಕಡಿಮೆ. 17ನೇ ದಿನ ಒಂದು ಬೆಕೆರೆಲ್ (ಸೆಕೆಂಡಿಗೆ ಒಂದು ಪರಮಾಣು ಕ್ಷಯಿಸುವಷ್ಟು) ಸಿಕ್ಕಿತೆನ್ನಿ. ಗ್ರಂಥಿಯಲ್ಲಿ ಆಗ 115ರ ಸುಮಾರು ಇರಬೇಕು. ಅಯೊಡಿನ್-131ರ ಅರ್ಧಾಯುಷ್ಯ 8 ದಿನ. 17 ದಿನದ ಕ್ಷಯವನ್ನು ತುಂಬಿಕೊಡಲು 4.3ರಿಂದ ಗುಣಿಸಬೇಕು. ಗ್ರಂಥಿ ಆಗಲೇ ಬಿಟ್ಟುಕೊಟ್ಟದ್ದನ್ನು ಸೇರಿಸಿ, ಹೀರಿಕೆಯ ಪಾಲಿನಿಂದ ಭಾಗಿಸಿದರೆ ನುಂಗಿದ್ದು ಸುಮಾರು 2,000 ಬೆಕೆರೆಲ್. ಒಂದಕ್ಕೆ ಎರಡು ಸಾವಿರ! ಮೂತ್ರದ ಅಳತೆಯಲ್ಲಿನ ಪ್ರತಿ ತಪ್ಪೂ ಅಷ್ಟೇ ಪಟ್ಟು ಹಿಗ್ಗಿ ಬರುತ್ತದೆ.

ತಪ್ಪು ನುಸುಳುವ ದಾರಿಗಳು ಹಲವು. ಮೀನು ತಿನ್ನುವವರ ದೇಹದಲ್ಲಿ ಅಯೊಡಿನ್ ಆಗಲೇ ಸಾಕಷ್ಟಿರುವುದರಿಂದ ಅವರ ಗ್ರಂಥಿ ಕಡಿಮೆ ಹೀರಬಹುದು. ಸೆಕೆಯ ನಾಡಿನಲ್ಲಿ ಬೆವರು ಹೆಚ್ಚು, ಮೂತ್ರ ಕಡಿಮೆ. ಲೀಟರಿಗೆ ಇಷ್ಟು ಎಂಬ ಅಳತೆಯನ್ನು ದಿನಕ್ಕೆ ಇಷ್ಟು ಎಂದು ಬದಲಿಸುವಾಗ ಸಮಶೀತೋಷ್ಣ ದೇಶದವರ ದಿನದ ಮೂತ್ರದ ಪ್ರಮಾಣ ಹಾಕಿದರೆ ಉತ್ತರ ಉಬ್ಬುತ್ತದೆ. ಬೆರೆಸಿದ ಮಾದರಿಯಂತೂ ಹೆಚ್ಚು ನುಂಗಿದವರನ್ನೂ ಕಡಿಮೆ ನುಂಗಿದವರನ್ನೂ ಒಂದೇ ಸಾಲಿನಲ್ಲಿ ಕೂರಿಸಿಬಿಡುತ್ತದೆ.

ಎಲ್ಲಕ್ಕಿಂತ ದೊಡ್ಡ ತಪ್ಪು ಬೇರೆಯೇ ಇದೆ. ಬಾಂಬಿನ ಬೂದಿಯಲ್ಲಿ ಅಯೊಡಿನ್-131 ಒಂದೇ ಇರುವುದಿಲ್ಲ. 20.8 ಗಂಟೆ ಅರ್ಧಾಯುಷ್ಯದ ಅಯೊಡಿನ್-133, 6.6 ಗಂಟೆಯ ಅಯೊಡಿನ್-135, ಟೆಲುರಿಯಂ-132ರಿಂದ ಹುಟ್ಟುತ್ತಲೇ ಇರುವ ಅಯೊಡಿನ್-132 ಕೂಡ ಇರುತ್ತವೆ. 17 ದಿನಗಳಲ್ಲಿ ಅಯೊಡಿನ್-133 ಎಂಟು ಲಕ್ಷದಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಮೂತ್ರದಲ್ಲಿ ಅದರ ಸುಳಿವೂ ಸಿಗದು. ಆದರೆ ಸ್ಫೋಟದ ಅರ್ಧ ದಿನದ ನಂತರ ನುಂಗಿದ ಬೂದಿಯಲ್ಲಿ ಅದರ ಚಟುವಟಿಕೆ ಅಯೊಡಿನ್-131ರ ಹತ್ತು ಪಟ್ಟಿಗೂ ಮಿಕ್ಕಿ, ಥೈರಾಯ್ಡ್‌ಗೆ ಅದು ಕೊಡುವ ಡೋಸ್ ಎರಡು ಮೂರು ಪಟ್ಟು. 135 ಮತ್ತು 132 ಬೇರೆ. ಅಯೊಡಿನ್-131ರ ಮೇಲಷ್ಟೇ ನಿಂತ ಮೊದಲಿನ ಅಂದಾಜು ವಯಸ್ಕರಿಗೆ 1.6 ಗ್ರೇ ಇತ್ತು. ಅಲ್ಪಾಯುಷಿ ಅಯೊಡಿನ್‌ಗಳನ್ನು ಸೇರಿಸಿ ಬ್ರೂಕ್‌ಹೇವನ್ ಪ್ರಯೋಗಾಲಯದವರು 1985ರಲ್ಲಿ ಮರುಲೆಕ್ಕ ಹಾಕಿದಾಗ ಅದು 12 ಗ್ರೇ ಸುಮಾರಿಗೆ ಏರಿತು. 2010ರ ಲೆಕ್ಕದಲ್ಲಿ 7.6 ಗ್ರೇ. ಅಳತೆ ಹಳೆಯದೇ, ಮೂತ್ರ ಅದೇ ಜನರದ್ದೇ, ಬದಲಾದದ್ದು ಊಹೆಗಳು.

ಅಯೊಡಿನ್-133 ಎಷ್ಟೆಂದು ಹೇಳಲು ಬೂದಿ ನುಂಗಿದ ಗಂಟೆ ಗೊತ್ತಿರಬೇಕು. ಹೊಟ್ಟೆಗೆ ಹೋದದ್ದು ಹೇಗೆ? ಚೆರ್ನೋಬಿಲ್‌ನಲ್ಲಿ ದಾರಿ ಹಾಲು. ಹಸು ಹುಲ್ಲು ಮೇಯಬೇಕು, ಹಾಲು ಕರೆಯಬೇಕು, ಅಷ್ಟರಲ್ಲಿ ಅಲ್ಪಾಯುಷಿಗಳು ಸತ್ತಿರುತ್ತವೆ. ರೊಂಗೆಲಾಪ್‌ನಲ್ಲಿ ಹಸುಗಳಿರಲಿಲ್ಲ. ಬಯಲಲ್ಲಿ ಒಣಹಾಕಿದ ಮೀನು, ತೆರೆದ ಅಡುಗೆ, ಚಾವಣಿಯಿಂದ ತೊಟ್ಟಿಗಿಳಿದ ಮಳೆನೀರು, ಪುಡಿ ಮೆತ್ತಿದ ಕೈಬೆರಳು, ಇವೇ ದಾರಿ. ಮೊದಲ ದಿನವೇ, ತಾಜಾ ಬೂದಿಯೇ ಬಾಯಿಗೆ. ಉಸಿರಿನ ಪಾಲು ಇಲ್ಲಿ ಸಣ್ಣದು, ಏಕೆಂದರೆ ಇಷ್ಟು ಹತ್ತಿರದಲ್ಲಿ ಬೀಳುವ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯಲಾರದಷ್ಟು ದಪ್ಪ. ಕರಗದ ಕಣಗಳು ಕರುಳಿನಲ್ಲೇ ಸಾಗುವುದರಿಂದ ದೊಡ್ಡಕರುಳಿನ ಗೋಡೆಗೆ ನುಂಗಿದ ಬೂದಿಯಿಂದ ತಗುಲಿದ ಡೋಸ್ ಅಸ್ಥಿಮಜ್ಜೆಗೆ ತಗುಲಿದ್ದಕ್ಕಿಂತ ಬಹಳ ಹೆಚ್ಚು. ಥೈರಾಯ್ಡ್‌ಗೆ ಇನ್ನೂ ಹೆಚ್ಚು.

ಮಕ್ಕಳ ವಿಷಯ ಬೇರೆಯೇ. ವಯಸ್ಕರ ಥೈರಾಯ್ಡ್ ಸುಮಾರು 20 ಗ್ರಾಂ, ಒಂದು ವರ್ಷದ ಮಗುವಿನದು 2 ಗ್ರಾಂನಷ್ಟು. ಒಂದೇ ಪ್ರಮಾಣದ ಅಯೊಡಿನ್ ಹತ್ತನೇ ಒಂದು ತೂಕದ ಗ್ರಂಥಿಗೆ ಹೋದರೆ ಡೋಸ್ ಹತ್ತು ಪಟ್ಟು. ಮಗು ತಿನ್ನುವುದು ಕಡಿಮೆ, ಹಾಗಾಗಿ ಪೂರ್ತಿ ಹತ್ತಾಗದು. ರೊಂಗೆಲಾಪ್‌ನ ಎಳೆಯ ಮಕ್ಕಳ ಡೋಸ್ ವಯಸ್ಕರ ಮೂರು ಪಟ್ಟಿನಷ್ಟು ಎಂಬುದು 2010ರ ಅಂದಾಜು. ಆದರೆ ನೆಲದಲ್ಲಿ ತೆವಳುವ, ಬಿಳಿ ಪುಡಿಯಲ್ಲಿ ಆಡಿದ ಮಗು ಎಷ್ಟು ನುಂಗಿತು ಎಂಬುದನ್ನು ವಯಸ್ಕರ ಮೂತ್ರದಿಂದ ಊಹಿಸುವುದು ಈ ಇಡೀ ಲೆಕ್ಕದ ಅತ್ಯಂತ ದುರ್ಬಲ ಕೊಂಡಿ ಎಂದೇ ನಮ್ಮ ಅಭಿಪ್ರಾಯ.

ಲೆಕ್ಕ ಸರಿಯೇ ಎಂದು ದೇಹವೇ ಸಾಕ್ಷಿ ಹೇಳುವುದೂ ಉಂಟು. ರೊಂಗೆಲಾಪ್‌ನವರ ಕುತ್ತಿಗೆ, ಪಾದಗಳಲ್ಲಿ ಬೀಟಾ ಸುಟ್ಟಗಾಯಗಳಾದವು, ಕೂದಲು ಉದುರಿತು, ಪ್ಲೇಟ್‌ಲೆಟ್ ಎಣಿಕೆ ನಾಲ್ಕನೇ ವಾರದ ಹೊತ್ತಿಗೆ ತಳ ಕಂಡಿತು. ಇವೆಲ್ಲ ಒಂದೂವರೆ ಗ್ರೇ ಆಸುಪಾಸಿನ ಬಾಹ್ಯ ಡೋಸ್‌ಗೆ ಹೊಂದುತ್ತವೆ. ಥೈರಾಯ್ಡ್ ಗಂಟುಗಳು ಮಾತ್ರ ಸುಮಾರು ಹತ್ತು ವರ್ಷದ ನಂತರ, 1963-64ರಲ್ಲಿ ಕಾಣಿಸಿಕೊಂಡವು, ಅದೂ ಮುಖ್ಯವಾಗಿ ಆಗ ಮಕ್ಕಳಾಗಿದ್ದವರಲ್ಲಿ. ಆಮೇಲಷ್ಟೇ ಅಲ್ಪಾಯುಷಿ ಅಯೊಡಿನ್‌ಗಳ ಕಡೆ ಗಮನ ಗಂಭೀರವಾಗಿ ಹರಿಯಿತು.

ಮರಳಿ ಹೋದವರು, ಎಳನೀರು ಕುಡಿದವರು

ರೊಂಗೆಲಾಪ್‌ನವರನ್ನು 1957ರಲ್ಲಿ ವಾಪಸ್ ಕಳಿಸಲಾಯಿತು. ಆಗಿನಿಂದ ಬೇರೆ ಲೆಕ್ಕ ಶುರು: ದಿನದಿನದ ಊಟದಲ್ಲಿ ಬರುವ ಸೀಸಿಯಂ-137 ಮತ್ತು ಸ್ಟ್ರಾನ್ಷಿಯಂ-90, ಮೊದಲ ವರ್ಷಗಳಲ್ಲಿ ಮೀನಿನಿಂದ ಬರುವ ಜಿಂಕ್-65. ಸೀಸಿಯಂ ಅಳೆಯುವುದು ಸುಲಭ. ದಪ್ಪ ಉಕ್ಕಿನ ಕೋಣೆಯಲ್ಲಿ ಮನುಷ್ಯನನ್ನು ಕೂರಿಸಿ ಮೈಯಿಂದ ಹೊಮ್ಮುವ 662 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನ ಗಾಮಾ ಕಿರಣ ಎಣಿಸಿದರಾಯಿತು. ಬ್ರೂಕ್‌ಹೇವನ್ ತಂಡ 1950ರ ದಶಕದ ಕೊನೆಯಿಂದ ಇದನ್ನು ಮಾಡುತ್ತಾ ಬಂತು.

ಇಲ್ಲಿ ಲೆಕ್ಕ ಸಲೀಸು. ವಯಸ್ಕರ ದೇಹದಲ್ಲಿ ಸೀಸಿಯಂ ಸುಮಾರು 110 ದಿನಕ್ಕೆ ಅರ್ಧವಾಗುತ್ತದೆ. ದಿನಕ್ಕೆ 100 ಬೆಕೆರೆಲ್ ತಿನ್ನುತ್ತಿದ್ದರೆ ಒಂದೆರಡು ವರ್ಷದಲ್ಲಿ ದೇಹದ ಮಟ್ಟ 16,000 ಬೆಕೆರೆಲ್ ಹತ್ತಿರ ನಿಲ್ಲುತ್ತದೆ, ವರ್ಷಕ್ಕೆ ಸುಮಾರು 0.5 ಮಿಲಿಸೀವರ್ಟ್ ಡೋಸ್ ಸೇರುತ್ತದೆ. (ಗಾಮಾ ಕಿರಣ ಇಡೀ ಮೈಗೆ ಸಮನಾಗಿ ತಗುಲಿದಾಗ ಒಂದು ಮಿಲಿಸೀವರ್ಟ್ ಅಂದರೆ ಒಂದು ಮಿಲಿಗ್ರೇ. ನಿಸರ್ಗದಿಂದ ಜಗತ್ತಿನ ಸರಾಸರಿ ಮನುಷ್ಯನಿಗೆ ಸಿಗುವುದು 2.4 ಮಿಲಿಸೀವರ್ಟ್.) ತೊಂದರೆ ಇರುವುದು ಆ ‘ದಿನಕ್ಕೆ 100’ ಎಂಬುದನ್ನು ಮೊದಲೇ ಊಹಿಸಬೇಕಾದಾಗ.

ಸಾಮಾನ್ಯ ಮಣ್ಣಿನಲ್ಲಿ ಜೇಡಿಯ ಕಣಗಳು ಸೀಸಿಯಂ ಅನ್ನು ಕಚ್ಚಿಹಿಡಿಯುತ್ತವೆ, ಗಿಡಕ್ಕೆ ಬಿಟ್ಟುಕೊಡುವುದಿಲ್ಲ. ಹವಳದ ಮಣ್ಣಿನಲ್ಲಿ ಜೇಡಿ ಇಲ್ಲ, ಪೊಟ್ಯಾಸಿಯಂ ಕೂಡ ಇಲ್ಲವೆನ್ನುವಷ್ಟು ಕಡಿಮೆ. ತೆಂಗಿನ ಬೇರು ಪೊಟ್ಯಾಸಿಯಂಗಾಗಿ ಹಾತೊರೆಯುತ್ತದೆ, ಅದರ ಗುಣದ್ದೇ ಆದ ಸೀಸಿಯಂ ಸಿಕ್ಕರೆ ಅದನ್ನೇ ಹೀರುತ್ತದೆ. ಎಳನೀರು, ತೆಂಗಿನಕಾಯಿ, ಕೇದಗೆ ಜಾತಿಯ ಪಂಡಾನಸ್ ಹಣ್ಣು, ದೀವಿಹಲಸು ಎಲ್ಲಕ್ಕೂ ಅದು ಸೇರುತ್ತದೆ. ತೆಂಗಿನ ಏಡಿಯಲ್ಲಿ ಸ್ಟ್ರಾನ್ಷಿಯಂ ಜಾಸ್ತಿ.

ಬಿಕಿನಿಯಲ್ಲಿ ಈ ಊಹೆ ಹೇಗೆ ಮುಗ್ಗರಿಸಿತು ನೋಡಿ. 1968ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ದ್ವೀಪ ವಾಸಕ್ಕೆ ಯೋಗ್ಯ ಎಂದು ಸಾರಿದರು. ತೆಂಗಿನ ಸಸಿ ನೆಟ್ಟರು, ಕೆಲವು ಕುಟುಂಬಗಳು ಮರಳಿದವು. ಊಟದ ಅಂದಾಜಿನಲ್ಲಿ ತೆಂಗಿನ ಪಾಲು ಸಣ್ಣದಾಗಿತ್ತು. ಕೆಲವು ವರ್ಷಗಳಲ್ಲಿ ಮರಗಳು ಫಲಕ್ಕೆ ಬಂದವು. ಜನ ಎಳನೀರು ಕುಡಿದರು. ಸಿಹಿನೀರಿಗೆ ಮಳೆಯನ್ನೇ ನಂಬಿದ ದ್ವೀಪದಲ್ಲಿ ಇನ್ನೇನು ಕುಡಿಯಬೇಕು? ಮೈಯ ಸೀಸಿಯಂ ಎಣಿಕೆ ಕಡಿದಾಗಿ ಏರಿತು, 1978ರಲ್ಲಿ ಅವರನ್ನು ಮತ್ತೆ ಎಬ್ಬಿಸಿ ಕರೆದೊಯ್ದರು. ಮಣ್ಣಿನ ಅಳತೆ ತಪ್ಪಿರಲಿಲ್ಲ. ತಟ್ಟೆಯ ಅಳತೆ ತಪ್ಪಿತ್ತು. 1990ರ ದಶಕದಲ್ಲಿ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಜ್ಞರು ಬಿಕಿನಿಗೆ ಕೊಟ್ಟ ಎರಡು ಅಂಕಿಗಳು ಇದನ್ನೇ ಹೇಳುತ್ತವೆ: ಬರೀ ಸ್ಥಳೀಯ ಆಹಾರ ತಿಂದರೆ ವರ್ಷಕ್ಕೆ 15 ಮಿಲಿಸೀವರ್ಟ್, ಆಮದು ಅಕ್ಕಿ-ಡಬ್ಬಿ ಆಹಾರವೂ ಸೇರಿದರೆ 4ರ ಆಸುಪಾಸು. ಪೊಟ್ಯಾಸಿಯಂ ಗೊಬ್ಬರ ಹಾಕಿದರೆ ತೆಂಗಿನ ಸೀಸಿಯಂ ಹತ್ತನೇ ಒಂದಕ್ಕೆ ಇಳಿಯುತ್ತದೆಂದು ಲಿವರ್ಮೋರ್‌ನವರು ಅಲ್ಲೇ ತೋರಿಸಿದ್ದರು.

ರೊಂಗೆಲಾಪ್‌ನವರು 1985ರಲ್ಲಿ ತಾವಾಗಿಯೇ ದ್ವೀಪ ತೊರೆದರು. ಒಟ್ಟು ಡೋಸ್‌ನಲ್ಲಿ ಈ ದೀರ್ಘಕಾಲದ ಪಾಲು 1954ರ ಆ ಎರಡು ದಿನಗಳ ಪಾಲಿನ ಮುಂದೆ ಚಿಕ್ಕದು ಎಂಬುದು ಲೆಕ್ಕದ ಮಟ್ಟಿಗೆ ನಿಜ.

ಉತ್ತರವನ್ನು ಓದುವುದು ಹೇಗೆ

2010ರ ಲೆಕ್ಕದ ಪ್ರಕಾರ ದಕ್ಷಿಣದ ಅಟಾಲ್‌ಗಳ ವಯಸ್ಕರಿಗೆ ಬಾಹ್ಯ ಡೋಸ್ 5ರಿಂದ 12 ಮಿಲಿಗ್ರೇ, ನಡುವಿನವರಿಗೆ 22ರಿಂದ 59, ಉತ್ತರದವರಿಗೆ ನೂರಾರರಿಂದ ಸಾವಿರಕ್ಕೂ ಮೇಲೆ. ಥೈರಾಯ್ಡ್‌ನ ಆಂತರಿಕ ಡೋಸ್ ಉಟ್ರಿಕ್‌ನ ವಯಸ್ಕರಿಗೆ 760, ರೊಂಗೆಲಾಪ್‌ನವರಿಗೆ 7,600. ಇಂಥ ಅಂಕಿಗಳ ಅಕ್ಕಪಕ್ಕ ಗುಣೋತ್ತರ ಮಾನಕ ವಿಚಲನೆ ಎಂಬುದೊಂದನ್ನು ಬರೆಯುತ್ತಾರೆ. ಇಲ್ಲಿ ತಪ್ಪುಗಳು ಕೂಡುವುದಿಲ್ಲ, ಗುಣಿಸಿಕೊಳ್ಳುತ್ತವೆ. ಅದಕ್ಕೇ ‘ಇಷ್ಟು ಹೆಚ್ಚುಕಡಿಮೆ’ ಎನ್ನದೆ ‘ಇಷ್ಟು ಪಟ್ಟು ಹೆಚ್ಚುಕಡಿಮೆ’ ಎನ್ನಬೇಕು. ಮಧ್ಯದ ಅಂದಾಜು 10, ವಿಚಲನೆ 2 ಎಂದಿದ್ದರೆ ನಿಜವಾದ ಡೋಸ್ 3.2 ಮತ್ತು 31ರ ನಡುವೆ ಇರುವ ಸಂಭವ ಶೇಕಡಾ 90. ಮಧ್ಯದ ಅಂಕಿಯನ್ನಷ್ಟೇ ಎತ್ತಿ ಹೇಳುವ ವರದಿಯನ್ನು ಅನುಮಾನದಿಂದಲೇ ನೋಡಿ.

ಇನ್ನೊಂದು ಎಚ್ಚರ: ಈ ಅಂಕಿಗಳು ಗುಂಪಿನ ಸರಾಸರಿ. ಮೂತ್ರದ ಅಳತೆಯಲ್ಲಿ ದೋಷವಿದ್ದರೆ ಅದು ರೊಂಗೆಲಾಪ್‌ನ ಎಲ್ಲರ ಡೋಸ್ ಅನ್ನೂ ಒಟ್ಟಿಗೆ ಮೇಲೋ ಕೆಳಗೋ ಒಯ್ಯುತ್ತದೆ, ಜನ ಎಷ್ಟೇ ಇದ್ದರೂ ಸರಾಸರಿಯಲ್ಲಿ ಅಳಿಸಿಹೋಗುವುದಿಲ್ಲ. ಒಬ್ಬ ಹೆಚ್ಚು ಮೀನು ತಿಂದ, ಇನ್ನೊಬ್ಬ ಕಡಿಮೆ ತಿಂದ ಎಂಬಂಥ ದೋಷ ಮಾತ್ರ ಹಾಗೆ ಅಳಿಸಿಹೋಗುತ್ತದೆ.

ಇದೇ ತಂಡ 25,000ಕ್ಕೂ ಹೆಚ್ಚು ಮಾರ್ಷಲ್ ಜನರಲ್ಲಿ ಬೂದಿಯಿಂದಾಗಿ ಸುಮಾರು 170 ಹೆಚ್ಚುವರಿ ಕ್ಯಾನ್ಸರ್ ಎಂದು ಅಂದಾಜಿಸಿತು. ಬೂದಿ ಇಲ್ಲದೆಯೂ ಆ ಜನಸಮೂಹದಲ್ಲಿ ಬರಬಹುದಾದವು 10,600. ಶೇಕಡಾವಾರು ನೋಡಿದರೆ ಸಣ್ಣದು. ಆದರೆ ಆ 170ರಲ್ಲಿ ದೊಡ್ಡ ಪಾಲು ಕೆಲವೇ ನೂರು ಜನರ ಉತ್ತರದ ಸಮುದಾಯಗಳ ಮೇಲೆ ಬಿದ್ದಿದೆ, ರಾಷ್ಟ್ರದ ಸರಾಸರಿಯಲ್ಲಿ ಅದು ಕಾಣುವುದಿಲ್ಲ.

ಯಾರ ಕ್ಯಾನ್ಸರ್ ಬೂದಿಯಿಂದ ಬಂತು, ಯಾರದು ಅಲ್ಲ ಎಂದು ಯಾವ ಡೋಸ್ ಲೆಕ್ಕವೂ ಬೆರಳು ಮಾಡಿ ಹೇಳಲಾರದು. ಮಾರ್ಷಲ್ ದ್ವೀಪಗಳ ಅಣು ಪರಿಹಾರ ನ್ಯಾಯಮಂಡಳಿ ಅದನ್ನು ಕೇಳಲೇ ಇಲ್ಲ: ಪರೀಕ್ಷೆಗಳ ಕಾಲದಲ್ಲಿ ದ್ವೀಪಗಳಲ್ಲಿದ್ದವರಿಗೆ ಪಟ್ಟಿಯಲ್ಲಿರುವ ಕಾಯಿಲೆ ಬಂದಿದ್ದರೆ, ಅದು ವಿಕಿರಣದ್ದೇ ಎಂದು ಭಾವಿಸಿ ಪರಿಹಾರ ನಿಗದಿ ಮಾಡಿತು. ಫ್ರೆಂಚ್ ಪಾಲಿನೇಷ್ಯದಲ್ಲಿ ಹಾಗಿಲ್ಲ, ಅಲ್ಲಿ ಡೋಸ್ ಒಂದು ಮಿತಿ ದಾಟಿದೆಯೇ ಎಂಬುದು ಮುಖ್ಯ. 1966ರಿಂದ 1974ರವರೆಗೆ ಫ್ರಾನ್ಸ್ ಅಲ್ಲಿ ವಾತಾವರಣದಲ್ಲಿ ನಡೆಸಿದ ಪರೀಕ್ಷೆಗಳ ದಾಖಲೆಗಳನ್ನು, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರೂ ಇದ್ದ ತಂಡವೊಂದು 2021ರಲ್ಲಿ ಮರುಪರಿಶೀಲಿಸಿದಾಗ ಕೆಲವು ಡೋಸ್‌ಗಳು ಸರ್ಕಾರಿ ಅಂದಾಜಿನ ಹಲವು ಪಟ್ಟು ಬಂದವು. 1966ರ ಮೊದಲ ಪರೀಕ್ಷೆಯ ಬೂದಿ ಬಿದ್ದ ಮಂಗರೇವಾ ದ್ವೀಪಗಳ ಲೆಕ್ಕದಲ್ಲಿ ಬಿಟ್ಟುಹೋಗಿದ್ದ ಒಂದು ಸಂಗತಿ ಅದಕ್ಕೆ ಕಾರಣ: ಅಲ್ಲಿನವರು ಕುಡಿಯುತ್ತಿದ್ದುದು ಮಳೆನೀರು.